ಖಾಲಿ ಜಾಗ ಎಂದು ನಾನು ಬರೆದ ಅಂಗಳ

ಶಿವರಾತ್ರಿ ಕಳೆದು ಬಿಸಿಲು ಬಲಿಯುವ ಹೊತ್ತಿಗೆ ತರೀಕೆರೆಯ ಸಂತೆಗೆ ಹೊಸ ಹುಣಸೆಹಣ್ಣು ಬರುತ್ತದೆ. ಗೋಣಿಚೀಲದ ಬಾಯಿ ಬಿಚ್ಚಿದ ಕೂಡಲೇ ಒಂದು ವಾಸನೆ ಎದ್ದು ಬರುತ್ತದಲ್ಲ, ಹುಳಿಯೂ ಹೌದು, ಸ್ವಲ್ಪ ಬೆಲ್ಲದ ಹಾಗೂ ಹೌದು, ಅದರ ಹಿಂದೆ ಒಣಗಿದ ಸಿಪ್ಪೆಯ ಧೂಳಿನ ಘಾಟೂ ಇರುತ್ತದೆ. ಆ ವಾಸನೆ ಮೂಗಿಗೆ ತಾಗಿದರೆ ಈಗಲೂ ನನ್ನ ನಡಿಗೆ ತಾನಾಗಿ ನಿಧಾನವಾಗುತ್ತದೆ. ಕೈಚೀಲದಲ್ಲಿ ಸೊಪ್ಪು ಬಾಡುತ್ತಿರುತ್ತದೆ, ಬಸ್‌ಸ್ಟ್ಯಾಂಡಿನ ಕಡೆಯಿಂದ ಹಾರನ್ ಕೇಳುತ್ತಿರುತ್ತದೆ, ಮಾರುವ ಹೆಂಗಸು "ತಗಳಮ್ಮಾ, ಬೀಜ ತೆಗ್ದಿರೋದು ಕಣಮ್ಮಾ" ಎನ್ನುತ್ತಿರುತ್ತಾಳೆ. ನಾನು ಮಾತ್ರ ಬೀರೂರಿನ ಒಂದು ಅಂಗಳದಲ್ಲಿ, ಲಂಗವನ್ನು ಮೊಣಕಾಲಿನ ಕೆಳಗೆ ಸಿಕ್ಕಿಸಿಕೊಂಡು, ಹೆಂಗಸರ ನಡುವೆ ಕೂತುಬಿಟ್ಟಿರುತ್ತೇನೆ. ವಯಸ್ಸು ಒಂಬತ್ತೋ ಹತ್ತೋ. ಆ ಅಂಗಳ ಈಗಿಲ್ಲ. ಅದು ಇಲ್ಲವಾದದ್ದರಲ್ಲಿ ನನ್ನ ಕೈಯೂ ಇತ್ತು ಎನ್ನುವುದನ್ನು ಹೇಳಲಿಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ನಿಮಗೂ ಅಂಥದೊಂದು ಅಂಗಳ ಇದ್ದಿದ್ದರೆ, ಅದರ ಮೇಲೆ ಈಗ ಯಾವುದೋ ಕಟ್ಟಡ ನಿಂತಿದ್ದರೆ, ನಾನು ಹೇಳುವುದರಲ್ಲಿ ಬಹಳಷ್ಟು ನಿಮಗೆ ಮೊದಲೇ ಗೊತ್ತಿರುತ್ತದೆ.

ಬೀರೂರು ಸ್ಟೇಷನ್ನಿನಿಂದ ಹಳೇ ಪೇಟೆಗೆ ಹೋಗುವಾಗ, ಕೊಬ್ಬರಿ ಮಂಡಿಯ ಹಿಂದಿನ ಓಣಿಯಲ್ಲಿ ನಮ್ಮ ವಠಾರವಿತ್ತು. ಹಿಂದೆ ಯಾರೋ ಕೊಬ್ಬರಿ ಸಾಹುಕಾರರು ರೈಲ್ವೆ ಕೆಲಸದವರಿಗೆ ಬಾಡಿಗೆಗೆ ಕೊಡಲೆಂದು ಕಟ್ಟಿಸಿದ್ದಂತೆ. ಓಣಿಯಿಂದ ನೋಡಿದರೆ ಬರೀ ಒಂದು ಮರದ ಬಾಗಿಲು. ತಲೆ ತಗ್ಗಿಸಿ ಒಳಗೆ ಬಂದರೆ ಅಗಲವಾದ ಕಲ್ಲುಚಪ್ಪಡಿಯ ಅಂಗಳ, ಅದರ ಸುತ್ತ ಆರು ಮನೆ. ಒಂದೊಂದು ಮನೆಗೂ ಒಂದು ಕೋಣೆ, ಒಂದು ಅಡಿಗೆಮನೆ, ಮುಂದೆ ಮೂರಡಿ ಜಗಲಿ. ಮೂಲೆಯಲ್ಲಿ ರಾಟೆಯ ಬಾವಿ. ಹಿಂದುಗಡೆ, ಆರು ಮನೆಗೂ ಸೇರಿ ಒಂದೇ ಒಂದು ಕಕ್ಕಸು. ನನ್ನ ಅಪ್ಪ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್, ಹಳಿ ಬದಲಿಸುವ ಕೆಲಸ. ಶಂಟಿಂಗ್ ಇಂಜಿನ್ನಿನ ಕೂಗು ಕೇಳಿಯೇ ಅಮ್ಮ, ಅಪ್ಪ ಬರುವ ಹೊತ್ತನ್ನು ಅಂದಾಜು ಮಾಡಿ ಮುದ್ದೆಗೆ ಎಸರಿಡುತ್ತಿದ್ದಳು. ಮನೆಗಳು ಎಷ್ಟು ಇಕ್ಕಟ್ಟೆಂದರೆ ಒಳಗೆ ಮಲಗಲಿಕ್ಕೆ ಮತ್ತು ಬೇಯಿಸಲಿಕ್ಕೆ ಮಾತ್ರ ಜಾಗ. ಉಳಿದ ಬದುಕೆಲ್ಲ ಅಂಗಳದಲ್ಲೇ ನಡೆಯುತ್ತಿತ್ತು. ಹಪ್ಪಳ ಒಣಗುತ್ತಿದ್ದದ್ದು, ಮಕ್ಕಳು ಮಗ್ಗಿ ಒಪ್ಪಿಸುತ್ತಿದ್ದದ್ದು, ಗಂಡಸರು ರಜೆಯ ದಿನ ಒಬ್ಬರಿಗೊಬ್ಬರು ಪೇಪರ್ ಓದಿ ಹೇಳುತ್ತಿದ್ದದ್ದು ಅಲ್ಲಿ. ಮೂಲೆಮನೆಯ ಹುಡುಗಿಗೆ ಗಂಡಿನ ಕಡೆಯವರು ಬಂದಾಗ ಜಮಖಾನ ಹಾಸಿದ್ದೂ ಅಲ್ಲಿ, ಜಟಕಾ ಓಡಿಸುತ್ತಿದ್ದ ಸಾಬರು ತೀರಿಕೊಂಡಾಗ ಅವರನ್ನು ಮಲಗಿಸಿದ್ದೂ ಅಲ್ಲಿಯೇ. ಅವರ ಹೆಂಡತಿ ಬೀಬಮ್ಮ ಆ ದಿನ ಬಾವಿಯ ಕಟ್ಟೆಗೆ ಒರಗಿ ಕೂತವಳು ಸಂಜೆಯವರೆಗೆ ಏಳಲಿಲ್ಲ. ವಠಾರದ ಯಾವ ಒಲೆಯೂ ಅವತ್ತು ಉರಿಯಲಿಲ್ಲ.

ನಮ್ಮ ಪಕ್ಕದ ಮನೆ ರುದ್ರಕ್ಕನದು. ಅವಳು ಅಜ್ಜಂಪುರದ ಕಡೆಯ ಒಂದು ಹಳ್ಳಿಯವಳು. ತೌರಿನವರಿಗೆ ಈರುಳ್ಳಿ ಬೆಳೆಯುವ ಬೆದ್ದಲು ಜಮೀನು, ನಾಲ್ಕಾರು ತೆಂಗಿನಮರ. ಗ್ಯಾಂಗ್‌ಮನ್ ಆಗಿದ್ದ ಗಂಡ ಮದುವೆಯಾದ ನಾಲ್ಕನೆಯ ವರ್ಷ ಜ್ವರ ಬಂದು ಹೋಗಿಬಿಟ್ಟರಂತೆ, ಮಕ್ಕಳಾಗಿರಲಿಲ್ಲ. ತಮ್ಮ ಬಂದು ಕರೆದರೂ ಹೋಗಲಿಲ್ಲ. "ತೌರಿಗೆ ಹಬ್ಬಕ್ಕೆ ಹೋಗ್ಬೇಕು ಕಣೇ, ಇರಾಕೆ ಹೋಗ್ಬಾರ್ದು" ಎಂದು ಅಮ್ಮನಿಗೆ ಹೇಳುತ್ತಿದ್ದಳು. ಎತ್ತರದ, ಮೂಳೆ ಗಟ್ಟಿಯಾದ ಹೆಂಗಸು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಸೆರಗನ್ನು ಯಾವಾಗಲೂ ಸೊಂಟಕ್ಕೆ ಬಿಗಿದುಕೊಂಡೇ ಇರುತ್ತಿದ್ದಳು. ನಕ್ಕರೆ ಮಾತ್ರ ಚಿಕ್ಕ ಹುಡುಗಿಯ ಹಾಗೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ವರ್ಷದಲ್ಲಿ ಎಂಟು ತಿಂಗಳು ಅವಳು ಅವರಿವರ ಮನೆಯಲ್ಲಿ ರಾಗಿ ಹಸನು ಮಾಡಿ, ಶ್ಯಾವಿಗೆ ಒತ್ತಿ ದಿನ ದೂಡುತ್ತಿದ್ದಳು. ಉಳಿದ ನಾಲ್ಕು ತಿಂಗಳು ಅವಳೇ ವಠಾರದ ಯಜಮಾನಿ. ಏಕೆಂದರೆ ಆಗ ಹುಣಸೆಹಣ್ಣು ಬರುತ್ತಿತ್ತು.

ಮಂಡಿಯವರು ಗಾಡಿಯಲ್ಲಿ ಹುಣಸೆಕಾಯಿ ತಂದು ಅಂಗಳಕ್ಕೆ ಸುರಿದು ಹೋಗುತ್ತಿದ್ದರು. ಮಧ್ಯಾಹ್ನದ ಪಾತ್ರೆ ತೊಳೆದಾದ ಮೇಲೆ ಆರು ಮನೆಯ ಹೆಂಗಸರೂ, ಓಣಿಯ ಇನ್ನೊಂದಷ್ಟು ಮಂದಿಯೂ ಬಂದು ಸುತ್ತ ಕೂರುತ್ತಿದ್ದರು. ರುದ್ರಕ್ಕ ಮರದ ಕೊಡತಿ ಹಿಡಿದು ನಡುವೆ. ಅವಳು ಹೊಡೆದರೆ ಮೇಲಿನ ಓಡು ಪಟಪಟನೆ ಬಿಚ್ಚಿಕೊಳ್ಳುತ್ತಿತ್ತೇ ಹೊರತು ಒಳಗಿನ ಹಣ್ಣು ಜಜ್ಜಿಹೋಗುತ್ತಿರಲಿಲ್ಲ. ಓಡು ಒಂದು ಕಡೆ, ನಾರು ಒಂದು ಕಡೆ, ಬೀಜ ಇನ್ನೊಂದು ಕಡೆ. ಬೆರಳುಗಳೆಲ್ಲ ಅಂಟಂಟಾಗಿ, ಸಂಜೆಯ ಹೊತ್ತಿಗೆ ತುದಿ ಬಿರಿದು, ನೀರು ಮುಟ್ಟಿದರೆ ಚುರ್ ಎನ್ನುತ್ತಿತ್ತು. ಆದರೂ ಆ ದಿನಗಳಿಗೆ ಹೆಂಗಸರು ಕಾಯುತ್ತಿದ್ದರು. ಯಾರ ಅತ್ತೆ ಏನಂದಳು, ಯಾರಿಗೆ ಎಷ್ಟು ತಿಂಗಳು, ಯಾರ ಗಂಡ ಕುಡಿದು ಬಂದ, ಎಲ್ಲವೂ ಆ ರಾಶಿಯ ಸುತ್ತ ಬಿಡಿಸಿಕೊಳ್ಳುತ್ತಿತ್ತು. ಗಂಡ ಹೊಡೆದನೆಂದು ಒಬ್ಬಳು ತಲೆ ತಗ್ಗಿಸಿ ಕೂತಿದ್ದ ದಿನ ರುದ್ರಕ್ಕ ಕೊಡತಿಯನ್ನು ಅವಳ ಕೈಗೆ ಕೊಟ್ಟು "ಇವತ್ತು ನೀನೇ ಹೊಡಿ ತಾಯಿ" ಎಂದಳು. ಎಲ್ಲರೂ ನಕ್ಕರು; ಕೊನೆಗೆ ಅವಳೂ ನಕ್ಕಳು. ನಮಗೆ ಮಕ್ಕಳಿಗೆ ಉಪ್ಪು, ಜೀರಿಗೆ, ಬೆಲ್ಲ, ಒಂದು ಚೂರು ಮೆಣಸಿನಕಾಯಿ ಹಾಕಿ ಕುಟ್ಟಿ, ಕಡ್ಡಿಗೆ ಸಿಕ್ಕಿಸಿದ ಚಿಗಳಿ ಸಿಗುತ್ತಿತ್ತು. ಅದನ್ನು ಚೀಪುತ್ತ ಕಲ್ಲುಚಪ್ಪಡಿಯ ಮೇಲೆ ಅಂಗಾತ ಮಲಗಿದರೆ ಬೆನ್ನಿಗೆ ದಿನದ ಬಿಸಿಲೆಲ್ಲ ಹತ್ತುತ್ತಿತ್ತು.

ನನಗೆ ಹನ್ನೆರಡಾಗಿದ್ದಾಗ ಅಮ್ಮನಿಗೆ ಎದೆಯ ಕಾಯಿಲೆ ಕಾಣಿಸಿಕೊಂಡಿತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಮೂರು ತಿಂಗಳು, ಆಮೇಲೆ ಲಿಂಗದಹಳ್ಳಿಯ ಅಜ್ಜಿಯ ಮನೆಯಲ್ಲಿ ನಾಲ್ಕು ತಿಂಗಳು ಇದ್ದಳು. ಅಪ್ಪನಿಗೆ ಹೊತ್ತಲ್ಲದ ಹೊತ್ತಿನ ಡ್ಯೂಟಿ. ಅಷ್ಟು ದಿನವೂ ನಾನು ರುದ್ರಕ್ಕನ ಮಗಳಾಗಿದ್ದೆ. ಅವಳು ಯಾರನ್ನೂ ಕೇಳಲಿಲ್ಲ. ಅಮ್ಮ ಹೊರಟ ದಿನ ನಮ್ಮ ಮನೆಯ ಬಾಚಣಿಗೆಯನ್ನೂ ನನ್ನ ಸ್ಕೂಲ್ ಚೀಲವನ್ನೂ ಎತ್ತಿಕೊಂಡು ತನ್ನ ಮನೆಗೆ ಹೋದಳು, ಅಷ್ಟೆ. ಬೆಳಿಗ್ಗೆ ಬಾವಿಯ ಪಕ್ಕದ ಚಪ್ಪಡಿಯ ಮೇಲೆ ನನ್ನನ್ನು ಎರಡು ಮೊಣಕಾಲುಗಳ ನಡುವೆ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚಿ, ಎಳೆದು ಎಳೆದು ಎರಡು ಜಡೆ ಹಾಕುತ್ತಿದ್ದಳು. ನೋವಾಗುತ್ತೆ ಎಂದರೆ "ಬಿಗಿ ಇದ್ರೆ ಸಂಜೇವರ್ಗೂ ನಿಲ್ತದೆ, ಸುಮ್ಕಿರು" ಎನ್ನುತ್ತಿದ್ದಳು.

ಆ ತಿಂಗಳುಗಳಲ್ಲೇ ನಾನು ದೊಡ್ಡವಳಾದೆ. ಅಮ್ಮನಿಲ್ಲದ ಮನೆಯಲ್ಲಿ ಅದು ಬಂದದ್ದಕ್ಕಿಂತ ಹೆಚ್ಚಿನ ಹೆದರಿಕೆ ನನಗೆ ಆ ಕಕ್ಕಸಿನದು. ಅದರ ಬಾಗಿಲಿನ ಚಿಲಕ ಮುರಿದು ಎಷ್ಟೋ ಕಾಲವಾಗಿತ್ತು. ಮುಂಜಾನೆ ಚೊಂಬು ಹಿಡಿದು ಸಾಲಿನಲ್ಲಿ ನಿಲ್ಲಬೇಕು, ಒಳಗಿದ್ದಾಗ ಒಂದು ಕೈಯಲ್ಲಿ ಬಾಗಿಲನ್ನು ಹಿಡಿದುಕೊಂಡೇ ಇರಬೇಕು. ನಾನು ಎರಡು ದಿನ ನೀರು ಕುಡಿಯುವುದನ್ನೇ ಬಿಟ್ಟೆ. ರುದ್ರಕ್ಕನಿಗೆ ಅದು ಹೇಗೆ ತಿಳಿಯಿತೋ. ಮೂರನೆಯ ಬೆಳಿಗ್ಗೆ ತನ್ನ ಹಳೆಯ ಸೀರೆಯೊಂದನ್ನು ತಂದು ಬಾಗಿಲಿಗೆ ಅಡ್ಡ ಕಟ್ಟಿ, ಅದರ ಮುಂದೆ ಬೆನ್ನು ಮಾಡಿ ನಿಂತಳು. "ನಾನ್ ನಿಂತಿದೀನಿ ಕಣೇ ವನಿ. ನೀನು ನಿಧಾನ್ಕೆ ಬಾ. ಯಾವನ್ ಬತ್ತಾನೋ ಬರ್ಲಿ ನೋಡಾಣ" ಎಂದಳು. ಅಮ್ಮ ವಾಪಸ್ ಬರುವವರೆಗೂ ಪ್ರತಿ ದಿನ ಹಾಗೆ ನಿಂತಳು. ನಾನು ಒಳಗಿನಿಂದ ಆ ಸೀರೆಯ ಮೇಲೆ ಬೀಳುತ್ತಿದ್ದ ಅವಳ ನೆರಳನ್ನು ನೋಡುತ್ತ, ದೊಡ್ಡವಳಾದ ಮೇಲೆ ಗಟ್ಟಿ ಬಾಗಿಲಿರುವ ಮನೆಗಳನ್ನು ಕಟ್ಟುತ್ತೇನೆ, ಒಂದೊಂದು ಮನೆಗೂ ಅದರದೇ ಚಿಲಕ ಇರುವ ಹಾಗೆ ಕಟ್ಟುತ್ತೇನೆ ಎಂದುಕೊಳ್ಳುತ್ತಿದ್ದೆ. ಹುಡುಗಿಯ ಅಂಥ ಹಟದಿಂದಲೇ ನಾನು ಮುಂದೆ ಸಿವಿಲ್ ಡಿಪ್ಲೊಮಾ ಓದಿದ್ದು.

ನಾನು ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷ ಅಪ್ಪನಿಗೆ ಬೇರೆ ಸ್ಟೇಷನ್ನಿಗೆ ವರ್ಗವಾಯಿತು, ಕ್ವಾರ್ಟರ್ಸ್ ಸಿಕ್ಕಿತು. ಸ್ವಂತ ನಲ್ಲಿ ಇರುವ ಮನೆಗೆ ಹೋಗುವ ಸಂಭ್ರಮದಲ್ಲಿ ನಾನು ವಠಾರವನ್ನು ಸರಿಯಾಗಿ ಹಿಂದಿರುಗಿ ನೋಡಿದ್ದೂ ನೆನಪಿಲ್ಲ. ಓದು, ಮದುವೆ, ತರೀಕೆರೆಯ ಸಂಸಾರ, ಅಪ್ಪನ ಸಾವು, ಅಮ್ಮ ನನ್ನ ಮನೆಗೆ ಬಂದು ಸೇರಿದ್ದು, ಹೀಗೆ ವರ್ಷಗಳು ಕಳೆದವು. ಜಾತ್ರೆಗೋ ಮದುವೆಗೋ ಬೀರೂರಿಗೆ ಹೋದಾಗ ರುದ್ರಕ್ಕನನ್ನು ನೋಡಿಕೊಂಡು ಬರುತ್ತಿದ್ದೆ. ಪ್ರತಿ ಸಲವೂ ಹಳೇ ಪೇಟೆ ಇನ್ನಷ್ಟು ಇಳಿದಿರುತ್ತಿತ್ತು. ರೈಲ್ವೆಯಲ್ಲಿ ಕೆಲಸದವರು ಕಡಿಮೆಯಾದರು, ಮಂಡಿಗಳು ಒಂದೊಂದಾಗಿ ಹೈವೇ ಕಡೆಗೆ ಸರಿದವು, ಉಳ್ಳವರು ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿಕೊಂಡರು. ಓಣಿಯಲ್ಲಿ ಬೀಗ ಹಾಕಿದ ಬಾಗಿಲುಗಳು, ಹೆಂಚು ಜಾರಿದ ಸೂರುಗಳು, ಗೋಡೆಯ ಬಿರುಕಿನಲ್ಲಿ ಅರಳಿಗಿಡ. ನಮ್ಮ ವಠಾರದಲ್ಲೂ ಮಳೆ ಬಂದರೆ ಪಾತ್ರೆ ಇಡಬೇಕಾಗಿತ್ತು. ಮಂಡಿಯೊಂದು ಮಾತ್ರ ಉಳಿದಿತ್ತು, ಅದರ ಹುಣಸೆ ಇನ್ನೂ ಅಂಗಳಕ್ಕೆ ಬರುತ್ತಿತ್ತು.

ಆಗ ಬಂದದ್ದು ಹಳೇ ಪೇಟೆಯನ್ನು ಮತ್ತೆ ಎಬ್ಬಿಸುವ ಯೋಜನೆ. ಪಾಳುಬಿದ್ದ ಓಣಿಗಳನ್ನು ತೆಗೆದು, ಅಲ್ಲಿಯೇ ಮೂರು ಅಂತಸ್ತಿನ ಮನೆಗಳು, ಕೆಳಗೆ ಅಂಗಡಿಗಳು, ಅಗಲವಾದ ರಸ್ತೆ. ಇದ್ದವರಿಗೇ ಮೊದಲು ಮನೆ, ಬಾಡಿಗೆಗೆ ಇದ್ದವರಿಗೂ ಸಹ. ಅದರ ಸರ್ವೆ ಕೆಲಸ ನಾನು ದುಡಿಯುತ್ತಿದ್ದ ಖಾಸಗಿ ಕಂಪನಿಗೆ ಬಂತು. ಬೀರೂರು ನಿಮ್ಮೂರಲ್ವಾ ಎಂದು ಸಾಹೇಬರು ನನ್ನನ್ನೇ ಕಳಿಸಿದರು. ನಾನು ಎಷ್ಟು ಖುಷಿಯಿಂದ ಹೋದೆನೆಂದು ಹೇಳಲಾರೆ. ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಟ್ಯಾಬು, ಜೊತೆಗೆ ಟೇಪು ಹಿಡಿಯಲು ಇಬ್ಬರು. ವಠಾರದ ಬಾಗಿಲಲ್ಲಿ ತಲೆ ತಗ್ಗಿಸಿದಾಗಲೇ ರುದ್ರಕ್ಕ ಕೂಗಿಕೊಂಡಳು. "ಬೀಬಮ್ಮಾ, ಬಾರೇ ಇಲ್ಲಿ! ನಮ್ ವನಿ ಇಂಜಿನಿಯರ್ ಆಗಿ ಬಂದವ್ಳೆ!" ಅವಳಿಗಾಗ ಅರವತ್ತು ದಾಟಿತ್ತು, ಮೊಣಕಾಲು ನೋವು, ಎದ್ದೇಳುವಾಗ ಬಾವಿಯ ಕಟ್ಟೆ ಹಿಡಿಯುತ್ತಿದ್ದಳು.

ಟ್ಯಾಬಿನಲ್ಲಿ ಒಂದೊಂದು ಜಾಗಕ್ಕೂ ಒಂದು ಹೆಸರು ಒತ್ತಬೇಕಿತ್ತು: ಮನೆ, ಅಂಗಡಿ, ಶೌಚಾಲಯ, ಬಾವಿ, ಖಾಲಿ ಜಾಗ, ಇತರೆ. ಮನೆಗಳ ಮುಂದೆ "ವಾಸಕ್ಕೆ ಯೋಗ್ಯವಲ್ಲ" ಎಂದು ಬರೆದೆ, ಅದು ಸುಳ್ಳಲ್ಲ. ಶೌಚಾಲಯದ ಮುಂದೆ ಇನ್ನೂ ಕಟುವಾಗಿ ಬರೆದೆ, ಬರೆಯುವಾಗ ಸಂತೋಷವಾಯಿತು. ಅಂಗಳದ ಸರದಿ ಬಂದಾಗ ಬೆರಳು ಒಂದು ಕ್ಷಣ ನಿಂತಿತು. "ಇತರೆ" ಎಂದು ಒತ್ತಿದರೆ ವಿವರ ಬರೆಯಬೇಕು, ಯಾರು ಬಳಸುತ್ತಾರೆ, ಯಾವುದಕ್ಕೆ ಬಳಸುತ್ತಾರೆ ಎಂದು ಹೇಳಬೇಕು, ನಾಲ್ಕು ಫೋಟೊ ಹಾಕಬೇಕು. ಓಣಿಯಲ್ಲಿ ಇನ್ನೂ ಹನ್ನೊಂದು ಮನೆ ಬಾಕಿ ಇದ್ದವು, ಸಂಜೆಯ ಟ್ರೈನು ಹಿಡಿಯಬೇಕಿತ್ತು. ಅದು ಹುಣಸೆಯ ಕಾಲವೂ ಅಲ್ಲ. ಚಪ್ಪಡಿಯ ಮೇಲೆ ಒಂದು ಬೆಕ್ಕು ಬಿಟ್ಟರೆ ಏನೂ ಇರಲಿಲ್ಲ. "ಖಾಲಿ ಜಾಗ" ಎಂದು ಒತ್ತಿದೆ. ಅರೆ ಕ್ಷಣದ ಕೆಲಸ. ಅಲ್ಲಿಂದ ಪಕ್ಕದ ಮನೆಗೆ ಹೋದೆ.

ಹೊರಡುವಾಗ ರುದ್ರಕ್ಕ ಕಾಫಿ ಕೊಟ್ಟು ಕೇಳಿದಳು. "ಅಲ್ವೇ ವನಿ, ಹೊಸಾ ಬಿಲ್ಡಿಂಗ್‌ನಾಗೆ ಅಂಗ್ಳ ಇರ್ತದಾ?"

"ಇರುತ್ತೆ ರುದ್ರಕ್ಕ, ಎಲ್ಲಾ ಇರುತ್ತೆ. ಒಳಗೇ ಬಾತ್‌ರೂಮು, ಒಳಗೇ ನೀರು. ನೀನು ನೋಡ್ತಾ ಇರು."

ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಇರುವುದಿಲ್ಲವೆಂದೂ ಗೊತ್ತಿರಲಿಲ್ಲ. ಅವಳ ಮುಖದ ಮೇಲಿನ ಹೆಮ್ಮೆ ಕೆಡಿಸಲು ಮನಸ್ಸು ಬರಲಿಲ್ಲ, ಅಷ್ಟೆ. ತಿಂಗಳ ಮೇಲೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ದಿನ ಬಂದಾಗ ವಠಾರದವರೆಲ್ಲ ಹಿಂದುಮುಂದು ನೋಡಿದರಂತೆ. ಒಮ್ಮೆ ಖಾಲಿ ಮಾಡಿದರೆ ವಾಪಸ್ ಕರೆಯುತ್ತಾರೆಂದು ಏನು ಖಾತ್ರಿ, ಎಂದು ಬೀಬಮ್ಮ ಹಟ ಹಿಡಿದಳಂತೆ. ರುದ್ರಕ್ಕನೇ ಮುಂದೆ ಹೋಗಿ ಮೊದಲು ಹೆಬ್ಬೆಟ್ಟು ಒತ್ತಿದಳು. "ನಮ್ ವನಿ ಹೇಳವ್ಳೆ, ಎಲ್ಲಾ ಇರ್ತದೆ ಅಂತ. ಅವ್ಳು ನಾನು ಸಾಕಿದ್ ಮಗ. ನಂಗ್ ಸುಳ್ಳು ಹೇಳ್ತಾಳಾ?" ಎಂದಳಂತೆ. ಆ ಮಾತಿಗೆ ಉಳಿದ ಐದು ಮನೆಯವರೂ ಒತ್ತಿದರು. ಈ ವಿಷಯವನ್ನು ಬಹಳ ದಿನಗಳ ಮೇಲೆ ಬೀಬಮ್ಮ ನನಗೆ ಹೇಳಿದಳು. ಹೇಳುವಾಗ ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ, ಅದೇ ಕಷ್ಟವಾದದ್ದು.

ವಠಾರ ಬಿದ್ದ ಬೆಳಿಗ್ಗೆ ಗಡಿ ಗುರುತಿಸಲೆಂದು ನಾನೂ ಅಲ್ಲಿದ್ದೆ. ನೂರು ವರ್ಷದ ಹತ್ತಿರದ ಗೋಡೆಗಳು, ಜೆಸಿಬಿಯ ಬಕೆಟ್ಟು ಒಂದು ಸಲ ಒತ್ತಿದರೆ ಮಂಡಿಯೂರಿದ ಹಾಗೆ ಕುಸಿದುಬಿಡುತ್ತಿದ್ದವು. ಒಳಗಿನ ಬಣ್ಣಗಳು ಹೊರಗೆ ಬಂದವು: ನಮ್ಮ ಅಡಿಗೆಮನೆಯ ಮಸಿ ಹಿಡಿದ ಹಸಿರು, ಬೀಬಮ್ಮನ ಕೋಣೆಯ ನೀಲಿ, ರುದ್ರಕ್ಕನ ಗೋಡೆಯ ಮೇಲೆ ದೇವರ ಪಟ ಇದ್ದ ಕಡೆಯ ಚೌಕಾಕಾರದ ಬಿಳಿ. ತಾತ್ಕಾಲಿಕವಾಗಿ ಕೊಟ್ಟಿದ್ದ ತಗಡಿನ ಶೆಡ್ಡುಗಳಿಂದ ಎಲ್ಲರೂ ಬಂದು ಓಣಿಯ ಆಚೆ ನಿಂತಿದ್ದರು. ಯಾರೂ ಅಳಲಿಲ್ಲ. "ಇಷ್ಟೇನಾ? ಇಷ್ಟು ಬಿರ್ರನೆ ಬೀಳ್ತದಾ?" ಎಂದು ರುದ್ರಕ್ಕ ಆಶ್ಚರ್ಯದಿಂದ ಕೇಳಿದಳು. ಮಧ್ಯಾಹ್ನದ ಹೊತ್ತಿಗೆ ಚಪ್ಪಡಿಗಳನ್ನು ಎಬ್ಬಿಸಿ ಲಾರಿಗೆ ತುಂಬಿದರು. ಬಾವಿಯನ್ನು ವಠಾರದ್ದೇ ಮಣ್ಣಿನಿಂದ ಮುಚ್ಚಿದರು.

ಎರಡು ವರ್ಷ ಕಳೆದು ಮನೆಗಳು ಸಿಕ್ಕವು. ಕರೆಯುವುದಿಲ್ಲವೆಂಬ ಬೀಬಮ್ಮನ ಅನುಮಾನ ನಿಜವಾಗಲಿಲ್ಲ. ಹೇಳಿದ ಮನೆಗಳನ್ನು ಹೇಳಿದ ಹಾಗೆಯೇ ಕೊಟ್ಟರು. ರುದ್ರಕ್ಕನದು ಎರಡನೆಯ ಮಹಡಿ. ಗೃಹಪ್ರವೇಶದ ದಿನ ನಾನೂ ಅಮ್ಮನೂ ಹೋದೆವು. ಅವಳು ನಮ್ಮನ್ನು ಮೊದಲು ಕರೆದುಕೊಂಡು ಹೋದದ್ದು ಬಾತ್‌ರೂಮಿಗೆ. ಒಳಗೆ ನಿಂತು ಚಿಲಕ ಹಾಕಿ ತೋರಿಸಿದಳು, ತೆಗೆದಳು, ಮತ್ತೆ ಹಾಕಿದಳು. "ನೋಡೇ, ಯಾರೂ ಕಾವಲು ನಿಲ್ಲಂಗಿಲ್ಲ" ಎಂದು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನನ್ನ ಕಣ್ಣು ತುಂಬಿತು. ಆ ಒಂದು ಗಳಿಗೆಯನ್ನು ನಾನು ಈಗಲೂ ಬಿಟ್ಟುಕೊಡಲಾರೆ. ಹಳೆಯದೆಲ್ಲ ಚೆನ್ನಾಗಿತ್ತು ಎನ್ನುವವರು ಆ ಮುರಿದ ಬಾಗಿಲನ್ನು ಒಂದು ಕೈಯಲ್ಲಿ ಹಿಡಿದು ಕೂತವರಲ್ಲ.

ಆದರೆ ಇಳಿದು ಬರುವಾಗ ನೋಡಿದೆ. ಅಂಗಳ ಇದ್ದ ಕಡೆ, ಕಂಬಗಳ ನಡುವೆ, ಹಳದಿ ಗೆರೆ ಎಳೆದು ಗಾಡಿ ನಿಲ್ಲಿಸುವ ಜಾಗ ಮಾಡಿದ್ದರು. ಓಣಿಯ ಕಡೆಗೆ ಮೂರು ಅಂಗಡಿ. ಅಂಗಳವೆಂಬುದು ಎಲ್ಲಿಯೂ ಇರಲಿಲ್ಲ. ಇರಬೇಕಾದರೂ ಏಕೆ? ನಕ್ಷೆ ಬರೆದವನು ನಮ್ಮ ವಠಾರವನ್ನು ಕಂಡವನಲ್ಲ. ಅವನ ಮುಂದಿದ್ದದ್ದು ನನ್ನ ಸರ್ವೆ. ಅದರಲ್ಲಿ ಆರು ಮನೆಗಳಿದ್ದವು, ಆರೂ ಮನೆ ಕೊಟ್ಟ. ಒಂದು ಶೌಚಾಲಯವಿತ್ತು, ಅದಕ್ಕೆ ಆರು ಕೊಟ್ಟ. ಖಾಲಿ ಇದ್ದದ್ದನ್ನು ತುಂಬಿಸಿದ.

ಮರುವರ್ಷ ಹುಣಸೆ ಬಂದಾಗ ಹೆಂಗಸರು ಮೊದಲು ಆ ಹಳದಿ ಗೆರೆಗಳ ನಡುವೆಯೇ ಕೂತರಂತೆ. ಗಾಡಿಯವರು ಜಗಳಕ್ಕೆ ಬಂದರು. ಮೆಟ್ಟಿಲ ಮೇಲೆ ಕೂತರು. ಓಡಿನ ಚೂರು, ಇರುವೆ, ನೊಣ ಎಂದು ಮೇಲಿನ ಮನೆಗೆ ಹೊಸದಾಗಿ ಬಂದಿದ್ದವರು ಬೈದರು. ತಾರಸಿಗೆ ಹೋದರೆ ಅಲ್ಲಿ ನೀರಿನ ಟ್ಯಾಂಕುಗಳಿವೆಯೆಂದು ಬೀಗ. ಒಬ್ಬೊಬ್ಬರೇ ತಮ್ಮ ತಮ್ಮ ಮನೆಯೊಳಗೆ ಒಯ್ದು ಬಿಡಿಸಿ ನೋಡಿದರು. ಕೋಣೆಯೆಲ್ಲ ಧೂಳು, ಕೆಮ್ಮು; ಅದಕ್ಕಿಂತ ಹೆಚ್ಚಾಗಿ, ಒಬ್ಬಳೇ ಕೂತು ಹುಣಸೆಹಣ್ಣು ಬಿಡಿಸುವುದು ಯಾರಿಗೂ ಆಗಲಿಲ್ಲ. ಮಂಡಿಯವರು ಕಾದು ನೋಡಿ, ಕಡೂರು ರಸ್ತೆಯಲ್ಲಿ ಒಂದು ಶೆಡ್ಡು ಹಿಡಿದರು. ನಡೆಯಬಲ್ಲ ಹೆಂಗಸರು ಆಟೊ ಹತ್ತಿ ಅಲ್ಲಿಗೆ ಹೋದರು. ರುದ್ರಕ್ಕನ ಮೊಣಕಾಲಿಗೆ ಎರಡು ಮಹಡಿ ಇಳಿದು ಹತ್ತುವುದು ಸಾಧ್ಯವಿರಲಿಲ್ಲ. ನಾನು ಹೋದಾಗಲೆಲ್ಲ ಅವಳು ಕಿಟಕಿಯ ಪಕ್ಕ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಇರುತ್ತಿದ್ದಳು, ತೊಡೆಯ ಮೇಲೆ ಎರಡೂ ಕೈ ಇಟ್ಟುಕೊಂಡು. ಬೆರಳ ತುದಿಗಳು ವಾಸಿಯಾಗಿ ನುಣ್ಣಗಾಗಿದ್ದವು. "ಟೀವಿ ಹಾಕ್ಲಾ?" ಎಂದರೆ "ಬ್ಯಾಡ ಕಣೇ, ಅದು ಒಂದೇ ಸಮ್ನೆ ಮಾತಾಡ್ತದೆ, ನಾನಂದಿದ್ದು ಕೇಳಲ್ಲ" ಎಂದಳು ಒಂದು ದಿನ.

ನಾನು ಸಾಹೇಬರ ಹತ್ತಿರ ಹೋಗಿ, ಪಾರ್ಕಿಂಗಿನ ಅರ್ಧವನ್ನಾದರೂ ಬಿಡಿಸಿ ಚಪ್ಪಡಿ ಹಾಕಿಸಲು ಸಾಧ್ಯವೇ ಎಂದು ಕೇಳಿದೆ. ಅವರು ಒಳ್ಳೆಯವರೇ, ಕಡತ ತರಿಸಿ ನೋಡಿದರು. "ನೀವೇ ಖಾಲಿ ಜಾಗ ಅಂತ ಕೊಟ್ಟಿದೀರಲ್ಲಮ್ಮಾ. ಕಾಮನ್ ಯೂಸ್ ಅಂತ ಒಂದು ಸಾಲು ಇದ್ದಿದ್ರೆ ಅವರು ಬಿಡಲೇಬೇಕಿತ್ತು. ಈಗ ಏನೂ ಮಾಡಕ್ಕಾಗಲ್ಲ" ಎಂದರು. ಮನೆಗೆ ಬಂದು ಅಮ್ಮನ ಹತ್ತಿರ ಎಲ್ಲವನ್ನೂ ಹೇಳಿಕೊಂಡು ಅತ್ತೆ. ಸಮಾಧಾನ ಹೇಳುತ್ತಾಳೆಂದು ಕಾದೆ. "ನನ್ ಹತ್ರ ಹೇಳಿ ಏನ್ ಬಂತು? ಅವಳ ಹತ್ರ ಹೋಗಿ ಹೇಳು" ಎಂದಳು.

ಹೋದೆ. ನಕ್ಷೆಯ ಒಂದು ಪ್ರತಿಯನ್ನೂ ತೆಗೆದುಕೊಂಡು ಹೋಗಿದ್ದೆ, ಮಾತು ತಡವರಿಸಿದರೆ ಆಸರೆಗೆ ಇರಲಿ ಎಂಬಂತೆ. ಕಾಗದವನ್ನು ಅವಳ ತೊಡೆಯ ಮೇಲೆ ಹರಡಿ, ಇದು ನಿನ್ನ ಮನೆ, ಇದು ನಮ್ಮದು, ಇದು ಬಾವಿ ಎಂದು ಬೆರಳಿಟ್ಟು ತೋರಿಸಿದೆ. ಅವಳು ಓದಿದವಳಲ್ಲ, ಆದರೂ ಕೂಡಲೇ ಗುರುತು ಹಿಡಿದಳು. ನಡುವಿನ ದೊಡ್ಡ ಚೌಕದ ಮೇಲೆ ಅಂಗೈ ಇಟ್ಟು "ಇಲ್ಲಿ ಏನ್ ಬರ್ದೈತೆ?" ಎಂದು ಕೇಳಿದಳು.

"ಖಾಲಿ ಜಾಗ ಅಂತ. ನಾನೇ ಬರೆದಿದ್ದು ರುದ್ರಕ್ಕ. ಅದಕ್ಕೇ ಅಂಗಳ ಸಿಗಲಿಲ್ಲ."

ಅವಳು ಆ ಚೌಕದ ಗೆರೆಯ ಗುಂಟ ಬೆರಳಾಡಿಸಿದಳು. ಕೆಳಗೆ ಯಾರೋ ಸ್ಕೂಟರ್ ಶುರು ಮಾಡಿಕೊಂಡು ಹೋದರು. ಬೈಯಲಿ, ಒಂದು ಏಟು ಹಾಕಲಿ ಎಂದು ನಾನು ಕಾಯುತ್ತಿದ್ದೆ.

"ನಿಂಗೆ ಜಡೆ ಹಾಕಿದ್ದು ಅಲ್ಲೇ ಅಲ್ವೇನೇ" ಎಂದಳು.

ಅಷ್ಟೇ. ಆಮೇಲೆ ಕುರ್ಚಿಯ ಕೈ ಹಿಡಿದು ಎದ್ದು, ಕಾಫಿಗೆ ಇಡುತ್ತೇನೆ ಎಂದು ಅಡಿಗೆಮನೆಗೆ ಹೋದಳು. ನಾನು ಎಷ್ಟು ಬೇಡವೆಂದರೂ ಕೇಳದೆ ಕಾಫಿ ಮಾಡಿಕೊಟ್ಟಳು, ಮಕ್ಕಳ ವಿಷಯ ಕೇಳಿದಳು, ಅಮ್ಮನಿಗೆ ಉಪ್ಪಿನಕಾಯಿ ಕೊಟ್ಟಳು. ಕ್ಷಮಿಸಿದೆ ಎನ್ನಲಿಲ್ಲ. ಅದು ಕ್ಷಮಿಸುವ ವಿಷಯವೆಂದು ಅವಳಿಗೆ ಅನಿಸಿತ್ತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಬಾಗಿಲವರೆಗೆ ಬಂದು ಬೀಳ್ಕೊಟ್ಟಳು. ಮೆಟ್ಟಿಲ ತಿರುವಿನಲ್ಲಿ ನಿಂತು ನೋಡಿದೆ, ಬಾಗಿಲು ಮುಚ್ಚಿ ಒಳಗಿನಿಂದ ಚಿಲಕ ಬಿತ್ತು. ಮೊದಲ ಸಲ ಆ ಮನೆಯ ಚಿಲಕದ ಸದ್ದು ನನಗೆ ಸಹಿಸಲಾಗಲಿಲ್ಲ.

ಆ ವರ್ಷದ ದೀಪಾವಳಿಗೆ ತಮ್ಮನ ಮಕ್ಕಳು ಬಂದು ಅವಳನ್ನು ಊರಿಗೆ ಕರೆದುಕೊಂಡು ಹೋದರು. ಹಬ್ಬ ಮುಗಿದರೂ ಅವಳು ವಾಪಸ್ ಬರಲಿಲ್ಲ. ನಾನು ಎರಡು ಸಲ ಹೋಗಿ ಬಂದೆ. ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು, ಜಗಲಿಯ ಮೇಲೆ ಹಾಸಿಗೆ ಹಾಕಿದ್ದರು. ಅವಳು ಮಾತ್ರ ನೆಂಟರ ಮನೆಯಲ್ಲಿ ಇರುವವರ ಹಾಗೆ ಕಾಲು ಮಡಿಸಿಕೊಂಡೇ ಕೂತಿರುತ್ತಿದ್ದಳು. ಎರಡು ವರ್ಷ ತುಂಬುವ ಮೊದಲೇ, ಈರುಳ್ಳಿ ಕೀಳುವ ಕಾಲದಲ್ಲಿ, ಒಂದು ಮಧ್ಯಾಹ್ನ ಊಟ ಮಾಡಿ ಗೋಡೆಗೆ ಒರಗಿದವಳು ಮತ್ತೆ ಏಳಲಿಲ್ಲವೆಂದು ಫೋನು ಬಂತು. ಮಣ್ಣಿಗೆ ಹೋಗಲು ನನಗೆ ಹೊತ್ತು ಸಿಗಲಿಲ್ಲ. ಹೋದವರ ಹೆಸರಲ್ಲಿ ಊಟ ಹಾಕುವ ಗಣಾರಾಧನೆಯ ದಿನ ಹೋದೆ.

ಅವತ್ತು ವಠಾರದವರೆಲ್ಲ ಬಂದಿದ್ದರು. ಹೊಸ ಮನೆಗಳಲ್ಲಿ ಇದ್ದವರು, ಮಗನ ಜೊತೆ ಕಡೂರಿಗೆ ಹೋದವರು, ಅಜ್ಜಂಪುರದಲ್ಲೇ ಮಗಳ ಮನೆ ಸೇರಿದ್ದ ಬೀಬಮ್ಮ. ಒಂದೇ ಕಟ್ಟಡದಲ್ಲಿ ಇದ್ದವರೂ ಎಷ್ಟೋ ದಿನದ ಮೇಲೆ ಕಾಣುತ್ತಿರುವಂತೆ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತಿದ್ದರು. ಊಟವಾದ ಮೇಲೆ ಆ ಮನೆಯ ಕಣದಲ್ಲಿ, ತೆಂಗಿನಮರದ ನೆರಳಿಗೆ, ಯಾರೂ ಹೇಳದೆಯೇ ಸುತ್ತ ಕೂತರು. ಸ್ವಲ್ಪ ಹೊತ್ತು ರುದ್ರಕ್ಕನ ಮಾತು ಆಡಿದರು. ಆಮೇಲೆ ಎದ್ದು ಹೋಗಲೂ ಯಾರಿಗೂ ಮನಸ್ಸಿಲ್ಲ, ಕೂತು ಮಾಡಲೂ ಏನೂ ಇಲ್ಲ.

ಸಂಜೆ ಎಲ್ಲರೂ ಒಟ್ಟಿಗೆ ಅಜ್ಜಂಪುರದ ಬಸ್‌ಸ್ಟ್ಯಾಂಡಿಗೆ ಬಂದೆವು. ಬೀರೂರಿನ ಬಸ್ಸು ಮೊದಲು ಬಂತು, ಅದರ ಹಿಂದೆಯೇ ಕಡೂರಿನದು. ಒಬ್ಬೊಬ್ಬರೇ ನನ್ನ ಕೈ ಹಿಡಿದು, ಬೀಬಮ್ಮನ ಕೈ ಹಿಡಿದು, ಹೋಗ್ಬತ್ತೀವಿ ಎಂದು ಹೇಳಿ ಹತ್ತಿದರು. ಕಿಟಕಿಗಳಿಂದ ಕೈ ಬೀಸಿದರು. ನನ್ನ ತರೀಕೆರೆ ಬಸ್ಸು ಬರುವವರೆಗೆ ಬೀಬಮ್ಮ ಮನೆಗೆ ಹೋಗದೆ ಪಕ್ಕದಲ್ಲೇ ಕೂತಿದ್ದಳು. ಬಸ್ಸು ಬಂದಾಗ ನಾನು ಎದ್ದು "ಹೋಗ್ಬರ್ತೀನಿ ಬೀಬಮ್ಮ" ಎಂದೆ.

ಅವಳು ನನ್ನ ಕೈಯನ್ನು ಬಿಡದೆ, "ವಠಾರದಾಗೆ ಮೂವತ್ತು ವರ್ಷ ಇದ್ವಿ ಕಣಮ್ಮಾ" ಎಂದಳು. "ಹೋಗ್ಬತ್ತೀನಿ ಅಂತ ಒಬ್ರಿಗೊಬ್ರು ಯಾವತ್ತೂ ಹೇಳೇ ಇರ್ಲಿಲ್ಲ."